ನೀಲದ ಕಾರ್ಡಿನಲ್ಲಿ "ಹೀಟೆಡ್" ಅಂತ ಇದೆ. ಮೋಸ ಹೋದೆವಾ?

ಮುಲುಂಡ್ ಸೊಸೆ
ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರಿಗೆ ಸಾಡೇಸಾತಿ ಅಂತ ಅತ್ತೆ ಎರಡು ವರ್ಷದಿಂದ ನೀಲದ ಉಂಗುರಕ್ಕೆ ಹಟ ಹಿಡಿದಿದ್ದರು. ಕೊನೆಗೆ ಹೋದ ಶನಿವಾರ ಝವೇರಿ ಬಜಾರಿಗೆ ಹೋಗಿ ಒಂದು ಹರಳು ತಂದೆವು. ನಾಲ್ಕು ಕ್ಯಾರೆಟ್‌ಗೆ ಚೂರು ಕಮ್ಮಿ. ಅಂಗಡಿಯವರು ಬಾಯಲ್ಲಿ "ನ್ಯಾಚುರಲ್, ಸಿಲೋನ್ ಮಾಲು" ಅಂದಿದ್ದರು. ಮನೆಗೆ ಬಂದು ಕನ್ನಡಕ ಹಾಕಿಕೊಂಡು ಲ್ಯಾಬ್ ಕಾರ್ಡ್ ಓದಿದರೆ, ಕೆಳಗೆ ಇರುವೆಯಂಥ ಅಕ್ಷರದಲ್ಲಿ "ಹೀಟೆಡ್" ಅಂತ ಇದೆ. ಫೋನ್ ಮಾಡಿದೆ. "ಎಲ್ಲಾ ನೀಲವನ್ನೂ ಕಾಯಿಸ್ತಾರೆ ಮೇಡಂ, ಹಾಲು ಕಾಯಿಸಿದ ಹಾಗೆ" ಅಂದರು.

ನನ್ನ ಪ್ರಶ್ನೆ ಇಷ್ಟೇ. ಕಲ್ಲನ್ನು ಕಾಯಿಸಿದರೆ ಬಣ್ಣ ಎಲ್ಲಿಂದ ಬರುತ್ತದೆ? ಬಂದ ಬಣ್ಣ ನಾಳೆ ಹೋಗುತ್ತಾ? ಅತ್ತೆಗೆ ಇನ್ನೂ ಹೇಳಿಲ್ಲ.

ಮಾಟುಂಗಾ ಮಾಣಿ
ಅತ್ತೆಗೆ ಹೇಳಬೇಡಿ ಅಕ್ಕ. ಅದೊಂದೇ ಉತ್ತರ.

ವಾಕಡ್ ವಾದಿ
ಕಾಯಿಸಿದರೆ ಒಳಗಿನ ಕಲ್ಮಶ ಸುಟ್ಟುಹೋಗಿ ಕಲ್ಲು ಶುದ್ಧ ಆಗುತ್ತದೆ, ಬಣ್ಣ ಎದ್ದು ಕಾಣುತ್ತದೆ. ಚಿನ್ನಕ್ಕೆ ಪುಟ ಹಾಕುವ ಹಾಗೆ. ಇದರಲ್ಲಿ ಮೋಸ ಏನಿದೆ?

ಮಡಗಾಂವ್ ಶೇಟ್
ವಾದಿಯವರೇ, ಪುಟ ಹಾಕುವುದು ನಮ್ಮ ಕಸುಬು, ಅದನ್ನು ಇಲ್ಲಿಗೆ ತರಬೇಡಿ. ಚಿನ್ನದಲ್ಲಿ ಕಲ್ಮಶ ಹೊರಗೆ ಹೋಗುತ್ತದೆ. ನೀಲದಲ್ಲಿ ಕಲ್ಮಶ ಹೋದರೆ ಉಳಿಯುವುದು ಬಿಳಿ ಕಲ್ಲು. ಆ ಕಲ್ಮಶವೇ ಬಣ್ಣ.

ನಾನು ಮೂಲ ಕುಮಟಾದವನು, ಮಡಗಾಂವ್‌ನಲ್ಲಿ 22 ವರ್ಷದಿಂದ ಚಿನ್ನದ ಬೆಸುಗೆ ಕೆಲಸ. ಕಾಯಿಸಿದ ನೀಲ ಬೇಕಾದಷ್ಟು ಕೈಯಲ್ಲಿ ಹಿಡಿದಿದ್ದೇನೆ. ಅಕ್ಕ, ಬಣ್ಣ ಹೋಗುವುದಿಲ್ಲ. ಅಷ್ಟು ಬೆಂಕಿ ಕಂಡ ಕಲ್ಲಿಗೆ ಮುಂಬೈ ಬಿಸಿಲು ಯಾವ ಲೆಕ್ಕ? ಆದರೆ ಅಂಗಡಿಯವರು ಯಾವ ದರ ಹಾಕಿದರು? ಕಾಯಿಸದ ಕಲ್ಲಿನ ದರ ತೆಗೆದುಕೊಂಡಿದ್ದರೆ ಅದು ಮೋಸವೇ.

ಧಾರವಾಡದ ಹುಡುಗ, ಪುಣೆ
ಶೇಟ್ ಅವರು ಹೇಳಿದ್ದು ನೂರಕ್ಕೆ ನೂರು ಸರಿ. ನನ್ನ ಪಿಎಚ್‌ಡಿಯೇ ಇದರ ಮೇಲೆ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ, ಬೈಯಬೇಡಿ.

ನೀಲ (ಸಫೈರ್), ಮಾಣಿಕ್ಯ, ಪುಷ್ಯರಾಗ (ಹಳದಿ ಸಫೈರ್, ಟೋಪಾಜ್ ಅಲ್ಲ) ಮೂರೂ ಒಂದೇ ವಸ್ತು, ಅಲ್ಯೂಮಿನಿಯಂ ಆಕ್ಸೈಡ್. ಶುದ್ಧವಾಗಿದ್ದರೆ ನೀರಿನ ಹಾಗೆ ಬಿಳಿ. ಅಲ್ಯೂಮಿನಿಯಂ ಕೂರಬೇಕಾದ ಜಾಗದಲ್ಲಿ ಅಲ್ಲೊಂದು ಇಲ್ಲೊಂದು ಕ್ರೋಮಿಯಂ ಕೂತರೆ ಕೆಂಪು. ನೀಲದಲ್ಲಿ ಇಬ್ಬರು ಬೇಕು. ಕಬ್ಬಿಣ ಮತ್ತು ಟೈಟೇನಿಯಂ, ಅದೂ ಅಕ್ಕಪಕ್ಕದ ಮನೆಯಲ್ಲಿ. ಕಬ್ಬಿಣದಿಂದ ಒಂದು ಎಲೆಕ್ಟ್ರಾನ್ ಪಕ್ಕದ ಟೈಟೇನಿಯಂಗೆ ಹಾರುತ್ತದೆ. ಹಾರಲು ಬೇಕಾದ ಶಕ್ತಿಯನ್ನು ಬೆಳಕಿನ ಹಳದಿ, ಕೆಂಪು ಭಾಗದಿಂದ ಕಿತ್ತುಕೊಳ್ಳುತ್ತದೆ. 580 ನ್ಯಾನೋಮೀಟರ್ ಸುತ್ತ ಒಂದು ದೊಡ್ಡ ಹೀರುವಿಕೆ, 700ರ ಹತ್ತಿರ ಇನ್ನೊಂದು. ಹೀರಿ ಮಿಕ್ಕಿದ್ದು ನೀಲಿ.

ಈಗ ಸಿಲೋನಿನ "ಗೇವುಡ" ಅನ್ನುವ ಕಲ್ಲು ನೋಡಿ. ಹಾಲು ಹಾಲಾಗಿ, ಮಬ್ಬಾಗಿ ಇರುತ್ತದೆ. ಟೈಟೇನಿಯಂ ಅದರಲ್ಲೂ ಇದೆ, ಆದರೆ ರೂಟೈಲ್ ಅನ್ನುವ ಸಣ್ಣ ಸಣ್ಣ ಸೂಜಿಯಾಗಿ ಗುಂಪುಗೂಡಿ ಕೂತಿದೆ. ಹರಳಿನ ಚೌಕಟ್ಟಿನೊಳಗೆ ಸೇರಿಲ್ಲ. 1600ರಿಂದ 1800 ಡಿಗ್ರಿಗೆ ಕಾಯಿಸಿದರೆ ಸೂಜಿ ಕರಗಿ ಟೈಟೇನಿಯಂ ಚೌಕಟ್ಟಿನೊಳಗೆ ಹರಡಿಕೊಳ್ಳುತ್ತದೆ. ಕಲ್ಲು ಕರಗುವುದು 2000 ದಾಟಿದ ಮೇಲೆ, ಆದ್ದರಿಂದ ಕಲ್ಲಿಗೇನೂ ಆಗುವುದಿಲ್ಲ. ಮಬ್ಬೂ ಹೋಯಿತು, ನೀಲಿಯೂ ಬಂತು. ಹೊರಗಿಂದ ಒಂದು ಚೂರೂ ಸೇರಿಸಿಲ್ಲ.

ವಾಕಡ್ ವಾದಿ
ಸರಿ, ಸುಟ್ಟುಹೋಗುತ್ತದೆ ಅಂದಿದ್ದು ತಪ್ಪು, ಒಪ್ಪಿದೆ. ಆದರೆ ನೀಲಿ ಬಣ್ಣ ಕೋಬಾಲ್ಟ್‌ನಿಂದ ಅಂತ ಎಲ್ಲೋ ಓದಿದ್ದೆ.

ಮಡಗಾಂವ್ ಶೇಟ್
ಕೋಬಾಲ್ಟ್ ಇರುವುದು ನೀಲಿ ಗಾಜಿನಲ್ಲಿ, ಸ್ಪಿನೆಲ್ ಅನ್ನುವ ಬೇರೆ ಜಾತಿಯ ಕೆಲವು ಹರಳಿನಲ್ಲಿ. ಯಾರಾದರೂ ಕೋಬಾಲ್ಟ್ ನೀಲ ಅಂತ ಕೊಟ್ಟರೆ ಅಂಗಡಿಯಿಂದ ಎದ್ದು ಬನ್ನಿ.

ಮಾಟುಂಗಾ ಮಾಣಿ
ಅಂದರೆ ಗೇವುಡ ಅಂದರೆ ಗಂಟುಗಂಟಾದ ರಾಗಿ ಅಂಬಲಿ. ಸರಿಯಾಗಿ ಕಾಯಿಸಿ ಗಂಟು ಒಡೆದರೆ ನೈಸಾಗುತ್ತದೆ. ಹೌದಾ ಮಾರಾಯ್ರೆ?

ಧಾರವಾಡದ ಹುಡುಗ, ಪುಣೆ
ಅರ್ಧ ಸರಿ. ಅಂಬಲಿಗೆ ಬೆಂಕಿ ಸಾಕು. ಇಲ್ಲಿ ಬೆಂಕಿಗಿಂತ ಕುಲುಮೆಯೊಳಗಿನ ಗಾಳಿ ಮುಖ್ಯ. ಆಮ್ಲಜನಕ ಕಮ್ಮಿ ಇಟ್ಟರೆ ಕಬ್ಬಿಣ ಒಂದು ಎಲೆಕ್ಟ್ರಾನ್ ಜಾಸ್ತಿ ಇಟ್ಟುಕೊಳ್ಳುತ್ತದೆ, ಟೈಟೇನಿಯಂ ಜೊತೆ ಜೋಡಿ ಆಗುತ್ತದೆ, ನೀಲಿ ಏರುತ್ತದೆ. ಅದೇ ಕಲ್ಲನ್ನು ಆಮ್ಲಜನಕ ಜಾಸ್ತಿ ಇರುವ ಕುಲುಮೆಯಲ್ಲಿ ಕಾಯಿಸಿದರೆ ನೀಲಿ ಇಳಿಯುತ್ತದೆ. ಮಸಿಯಂಥ ಕಡುನೀಲಿ ಆಸ್ಟ್ರೇಲಿಯಾ ಕಲ್ಲುಗಳನ್ನು ಹೀಗೆ ತಿಳಿ ಮಾಡುತ್ತಾರೆ. ಅದೇ ಡಿಗ್ರಿ, ಅದೇ ಕಲ್ಲು, ಗಾಳಿ ಬೇರೆ, ಫಲ ಉಲ್ಟಾ.

ಡೊಂಬಿವಲಿ ಭಟ್ರು
ವಿಜ್ಞಾನ ಎಲ್ಲ ಇರಲಿ. ಬೆಂಕಿ ಕಂಡ ಹರಳಿಗೆ ಫಲ ಇಲ್ಲ ಅನ್ನುವುದು ಹಿರಿಯರ ಮಾತು. ಶನಿಗೆ ಕಾಯಿಸದ ನೀಲವೇ ಆಗಬೇಕು.

ವಾಕಡ್ ವಾದಿ
ಭಟ್ರೇ, ಆ ಹರಳು ಹುಟ್ಟಿದ್ದೇ ಭೂಮಿಯೊಳಗಿನ ಬಿಸಿಯಲ್ಲಿ. ಎಷ್ಟೋ ಕಡೆ ಜ್ವಾಲಾಮುಖಿಯ ಕಲ್ಲಿನ ಜೊತೆ ಕುದಿಯುತ್ತಾ ಮೇಲೆ ಬಂದಿದೆ. ಶನಿ ಅದನ್ನು ಲೆಕ್ಕಕ್ಕೆ ಹಿಡಿಯಲ್ವಾ?

ಡೊಂಬಿವಲಿ ಭಟ್ರು
ದೇವರು ಕಾಯಿಸಿದ್ದಕ್ಕೂ ಬ್ಯಾಂಕಾಕ್‌ನವನು ಕಾಯಿಸಿದ್ದಕ್ಕೂ ವ್ಯತ್ಯಾಸ ಇದೆ ತಮ್ಮಾ.

ಮಾಟುಂಗಾ ಮಾಣಿ
ಭಟ್ರು ಗೆದ್ದರು 😄

ಮಡಗಾಂವ್ ಶೇಟ್
ಹಿರಿಯರ ಮಾತು ಅಂದಿರಲ್ಲ ಭಟ್ರೇ, ಕಾಯಿಸುವುದೂ ಹಿರಿಯರ ಕಾಲದ್ದೇ. ಮಾಣಿಕ್ಯ ಕಾಯಿಸಿ ಅದರ ಕಪ್ಪು ಛಾಯೆ ತೆಗೆಯುವ ವಿಷಯವನ್ನು ಅಲ್ ಬಿರೂನಿ 11ನೇ ಶತಮಾನದಲ್ಲೇ ಬರೆದಿದ್ದಾನೆ. ಸಿಲೋನಿನಲ್ಲಿ ಇವತ್ತಿಗೂ ಇದ್ದಿಲು ಕೆಂಡದಲ್ಲಿ ಕಲ್ಲಿಟ್ಟು ಊದುಗೊಳವೆಯಿಂದ ಊದುತ್ತಾರೆ. ಆ ಬಿಸಿ 1800 ಮುಟ್ಟುವುದಿಲ್ಲ, ಆದರೆ ಮಾಣಿಕ್ಯದ ನೇರಳೆ ಛಾಯೆ ಹೋಗಲು ಅಷ್ಟು ಬೇಡ. ಥಾಯ್ ವ್ಯಾಪಾರಿಗಳು 1970ರ ದಶಕದಲ್ಲಿ ದೊಡ್ಡ ಕುಲುಮೆ ಇಟ್ಟುಕೊಂಡು, ಸಿಲೋನಿನವರು ಕಸ ಅಂತ ಎಸೆಯುತ್ತಿದ್ದ ಗೇವುಡವನ್ನು ಮೂಟೆಗಟ್ಟಲೆ ಕೊಂಡರು. ದುಡ್ಡು ಮಾಡಿದ್ದು ಅವರು.

ಚೆಂಬೂರ್ ಕಾಕಾ
ಹುಡುಗರ ಮಾತು ಓದಿ ಖುಷಿ ಆಯಿತು. ನಾನು ಹರಳು ಮಾರಿದವನಲ್ಲ, ಆದರೆ ಹರಳು ಕಾಯಿಸಿಯೇ ನೌಕರಿ ಮುಗಿಸಿದೆ. ವಿಕಿರಣ ಇರುವ ಕಡೆ ಕೆಲಸ ಮಾಡುವವರು ಎದೆಗೆ ಒಂದು ಬ್ಯಾಡ್ಜ್ ಹಾಕುತ್ತಾರೆ, ಎಕ್ಸ್‌ರೇ ವಿಭಾಗದಲ್ಲಿ ನೋಡಿರುತ್ತೀರಿ. ನಮ್ಮ ದೇಶದಲ್ಲಿ ಬಿಎಆರ್‌ಸಿ (ಭಾಭಾ ಅಣು ಸಂಶೋಧನಾ ಕೇಂದ್ರ) ರೂಪಿಸಿದ ಬ್ಯಾಡ್ಜಿನಲ್ಲಿ ಮೂರು ಬಿಳಿ ಬಿಲ್ಲೆ ಇರುತ್ತವೆ. ಟೆಫ್ಲಾನ್‌ನಲ್ಲಿ ಕ್ಯಾಲ್ಸಿಯಂ ಸಲ್ಫೇಟ್ ಪುಡಿ, ಅದರಲ್ಲಿ ಚಿಟಿಕೆ ಡಿಸ್ಪ್ರೋಸಿಯಂ. ವಿಕಿರಣ ಬಿದ್ದಾಗ ಎಲೆಕ್ಟ್ರಾನ್‌ಗಳು ಹರಳಿನ ದೋಷಗಳಲ್ಲಿ, ನಾವು "ಗುಂಡಿ" ಅಂತೀವಿ, ಸಿಕ್ಕಿಹಾಕಿಕೊಳ್ಳುತ್ತವೆ. ತಿಂಗಳಾದರೂ ಅಲ್ಲೇ ಇರುತ್ತವೆ. ಬಿಲ್ಲೆಗೆ ಬಿಸಿ ಸಾರಜನಕ ಊದಿದರೆ 220-230 ಡಿಗ್ರಿ ಸುತ್ತ ಎದ್ದು ಬಂದು ಬೆಳಕು ಕೊಡುತ್ತವೆ. ಬೆಳಕು ಎಷ್ಟು ಬಂತೋ ಅಷ್ಟು ಡೋಸ್, ಅಂದರೆ ಬಿದ್ದ ವಿಕಿರಣದ ಪ್ರಮಾಣ.

ಇನ್ನೊಂದು ಹರಳು ಇದೆ, ಲಿಥಿಯಂ ಫ್ಲೋರೈಡ್. ಮೆಗ್ನೀಷಿಯಂ, ಟೈಟೇನಿಯಂ ಬೆರೆಸಿದ್ದು. ಇದು ಮಹಾ ಹಟಮಾರಿ. ಮತ್ತೆ ಬಳಸುವ ಮೊದಲು 400 ಡಿಗ್ರಿಯಲ್ಲಿ ಒಂದು ಗಂಟೆ, ಆಮೇಲೆ 100 ಡಿಗ್ರಿಯಲ್ಲಿ ಎರಡು ಗಂಟೆ ಇಡಬೇಕು. 400ರಲ್ಲಿ ಮೆಗ್ನೀಷಿಯಂ ಗುಂಪುಗಳು ಒಡೆದು ಚದುರುತ್ತವೆ. 100ರಲ್ಲಿ ಮತ್ತೆ ಎರಡು ಮೂರು ಸೇರಿ ಸಣ್ಣ ಗುಂಪಾಗುತ್ತವೆ. ಆ ಸಣ್ಣ ಗುಂಪೇ ಬೇಕಾದ ಗುಂಡಿ. ಒಮ್ಮೆ ನನ್ನ ಕೈಕೆಳಗಿನ ಹುಡುಗ ಊಟದ ಹೊತ್ತಾಯಿತು ಅಂತ 400ರಿಂದ ತೆಗೆದ ತಟ್ಟೆಯನ್ನು ಒಲೆಯ ಮೇಲೇ ಬಿಟ್ಟು ಹೋದ. ಉಳಿದ ತಟ್ಟೆಗಳನ್ನು ಎಂದಿನಂತೆ ತಣ್ಣನೆಯ ಅಲ್ಯೂಮಿನಿಯಂ ಹಲಗೆ ಮೇಲೆ ಇಟ್ಟಿದ್ದ. ಆ ಒಂದು ತಟ್ಟೆಯ ಬಿಲ್ಲೆಗಳ ಲೆಕ್ಕ ಮಾತ್ರ ಉಳಿದವಕ್ಕೆ ಹೊಂದಲೇ ಇಲ್ಲ. ಅದೇ ಡಬ್ಬಿಯ ಬಿಲ್ಲೆ, ಅದೇ ಡೋಸ್. ಎರಡು ದಿನ ಯಂತ್ರಕ್ಕೆ ಬೈದೆವು. ಆಮೇಲೆ ಗೊತ್ತಾಯಿತು, ತಪ್ಪು ಯಂತ್ರದ್ದಲ್ಲ, ತಣ್ಣಗೆ ಮಾಡಿದ ರೀತಿಯದು.

ಧಾರವಾಡದ ಹುಡುಗ, ಪುಣೆ
ಕಾಕಾ, ಇದನ್ನು ನಮ್ಮ ಲ್ಯಾಬಿನ ಗೋಡೆಗೆ ಬರೆದು ಹಾಕಬೇಕರಿ. ಎಲ್ಲರೂ ಎಷ್ಟು ಡಿಗ್ರಿ ಅಂತ ಕೇಳುತ್ತಾರೆ, ಹೇಗೆ ತಣ್ಣಗೆ ಮಾಡಿದೆ ಅಂತ ಯಾರೂ ಕೇಳುವುದಿಲ್ಲ. ನೀಲದಲ್ಲೂ ಅಷ್ಟೇ. ನಿಧಾನಕ್ಕೆ ತಣ್ಣಗೆ ಮಾಡಿದರೆ ಟೈಟೇನಿಯಂ ಮತ್ತೆ ಸೂಜಿಯಾಗಿ ಹೊರಗೆ ಬರುತ್ತದೆ. ಸ್ಟಾರ್ ನೀಲದಲ್ಲಿ ಕಾಣುವ ಆರು ಕಾಲಿನ ನಕ್ಷತ್ರ ಆ ಸೂಜಿಗಳ ಆಟವೇ.

ಪಣಜಿ ಪದ್ಮ
ನನ್ನ ಕಥೆ ಕೇಳಿ. ಅಂಜುನಾ ಸಂತೆಯಲ್ಲಿ ಒಂದು ಅಮೆಥಿಸ್ಟ್ ಪೆಂಡೆಂಟ್ ತೆಗೆದುಕೊಂಡಿದ್ದೆ, ಒಳ್ಳೆ ನೇರಳೆ ಹಣ್ಣಿನ ಬಣ್ಣ. ಕೊಕ್ಕೆ ಮುರಿಯಿತು ಅಂತ ಹತ್ತಿರದ ಒಬ್ಬರ ಹತ್ತಿರ ಬೆಸುಗೆಗೆ ಕೊಟ್ಟೆ. ವಾಪಸ್ ಬಂದಾಗ ಮೇಲಿನ ಅರ್ಧ ಚಹಾ ಸೋಸಿದ ನೀರಿನ ಬಣ್ಣ, ಕೆಳಗಿನ ಅರ್ಧ ನೇರಳೆ. ನಡುವೆ ಕೂದಲಿನಂಥ ಬಿರುಕು. ಕಲ್ಲು ಬದಲಾಯಿಸಿದರು ಅಂತ ಜಗಳ ಆಡಿ ಬಂದೆ. ಈಗ ಅನುಮಾನ ಬರ್ತಿದೆ, ಅವರು ಬದಲಾಯಿಸಿಲ್ಲವೇನೋ?

ಮಡಗಾಂವ್ ಶೇಟ್
ಬದಲಾಯಿಸಿಲ್ಲ ಪದ್ಮಕ್ಕ. ಟಾರ್ಚ್ ತಗುಲಿದೆ. ಕೊಕ್ಕೆ ಇರುವ ಮೇಲಿನ ಕಡೆ ಬಿಸಿ ಜಾಸ್ತಿ, ಅದಕ್ಕೆ ಅಲ್ಲಿ ಹಳದಿ. ಕಲ್ಲು ಬಿಚ್ಚಿ ಬೆಸುಗೆ ಹಾಕಬೇಕಿತ್ತು, ಸೋಮಾರಿತನ ಮಾಡಿದ್ದಾರೆ. ಬಿರುಕಿನ ತಪ್ಪು ಅವರದೇ, ಬೈದಿದ್ದು ವ್ಯರ್ಥ ಆಗಲಿಲ್ಲ.

ಧಾರವಾಡದ ಹುಡುಗ, ಪುಣೆ
ಅಮೆಥಿಸ್ಟ್ ಅಂದರೆ ಸ್ಫಟಿಕದಲ್ಲಿ ಚೂರು ಕಬ್ಬಿಣ, ಜೊತೆಗೆ ಲಕ್ಷಾಂತರ ವರ್ಷ ಸುತ್ತಲಿನ ಬಂಡೆಯಿಂದ ಬಿದ್ದ ವಿಕಿರಣ. ವಿಕಿರಣ ಕಬ್ಬಿಣದಿಂದ ಒಂದು ಎಲೆಕ್ಟ್ರಾನ್ ಕಿತ್ತು ಬೇರೆ ಕಡೆ ಕೂರಿಸಿರುತ್ತದೆ. ನೇರಳೆ ಬಂದಿದ್ದೇ ಅದರಿಂದ. 400-500 ಡಿಗ್ರಿ ಮುಟ್ಟಿದರೆ ಎಲೆಕ್ಟ್ರಾನ್ ಮನೆಗೆ ವಾಪಸ್, ನೇರಳೆ ಮಾಯ, ಹಳದಿ ಉಳಿಯುತ್ತದೆ. ಅಂಗಡಿಯಲ್ಲಿ "ಸಿಟ್ರಿನ್", "ಸುನೆಲಾ" ಅಂತ ಮಾರುವುದರಲ್ಲಿ ಬಹಳಷ್ಟು ಕಾಯಿಸಿದ ಅಮೆಥಿಸ್ಟೇ. ಅಂದರೆ ನಿಮ್ಮ ಪೆಂಡೆಂಟ್ ಅರ್ಧ ಅಮೆಥಿಸ್ಟ್, ಅರ್ಧ ಸಿಟ್ರಿನ್. ಕಿಟಕಿ ಹತ್ತಿರ ವರ್ಷಗಟ್ಟಲೆ ಇಟ್ಟರೂ ಅಮೆಥಿಸ್ಟ್ ಮಂಕಾಗುತ್ತದೆ.

ಪಣಜಿ ಪದ್ಮ
ಅಯ್ಯೋ. ಆ ಮನುಷ್ಯನಿಗೆ ಏನೇನೋ ಅಂದುಬಿಟ್ಟೆ. ನಾಳೆ ಹೋಗಿ ಅರ್ಧ ಕ್ಷಮೆ ಕೇಳುತ್ತೇನೆ.

ಮಾಟುಂಗಾ ಮಾಣಿ
ಹಾಗಾದರೆ ಮುಲುಂಡ್ ಅಕ್ಕನ ನೀಲ ಬಿಸಿಲಿಗೆ ಮಂಕಾಗಲ್ಲ, ಪದ್ಮಕ್ಕನ ಅಮೆಥಿಸ್ಟ್ ಆಗುತ್ತದೆ. ಎರಡರಲ್ಲೂ ಎಲೆಕ್ಟ್ರಾನೇ ಅಲ್ವಾ? ಒಂದು ಗಟ್ಟಿ, ಒಂದು ಪೊಳ್ಳು ಹೇಗೆ?

ಚೆಂಬೂರ್ ಕಾಕಾ
ಮಾಣಿ ಒಳ್ಳೆ ಪ್ರಶ್ನೆ ಕೇಳಿದೆ. ನೀಲದಲ್ಲಿ ಎಲೆಕ್ಟ್ರಾನ್ ಬೆಳಕು ಬಿದ್ದಾಗ ಹಾರುತ್ತದೆ, ತಕ್ಷಣ ವಾಪಸ್ ಬರುತ್ತದೆ. ಏನೂ ಖರ್ಚಾಗುವುದಿಲ್ಲ. ಅಮೆಥಿಸ್ಟಿನಲ್ಲಿ ಎಲೆಕ್ಟ್ರಾನ್ ಗುಂಡಿಯಲ್ಲಿ ಸಿಕ್ಕಿಬಿದ್ದಿರುವ ಕಾರಣಕ್ಕೇ ಬಣ್ಣ. ಗುಂಡಿಯಿಂದ ಎದ್ದರೆ ಬಣ್ಣ ಮುಗಿಯಿತು. ಉಪ್ಪಿನ ಹರಳಿಗೆ ಎಕ್ಸ್‌ರೇ ಹೊಡೆದರೆ ಹಳದಿ ಆಗುತ್ತದೆ, ಬಿಸಿ ಮಾಡಿದರೆ ಮತ್ತೆ ಬಿಳಿ. ಕ್ಲೋರಿನ್ ಬಿಟ್ಟುಹೋದ ಖಾಲಿ ಜಾಗದಲ್ಲಿ ಒಂದು ಎಲೆಕ್ಟ್ರಾನ್ ಹೋಗಿ ಕೂತಿರುತ್ತದೆ. ಎಫ್ ಸೆಂಟರ್ ಅಂತಾರೆ. ಎಫ್ ಅಂದರೆ ಜರ್ಮನ್ ಭಾಷೆಯಲ್ಲಿ "ಫಾರ್ಬೆ", ಬಣ್ಣ.

ವಿಕಿರಣ ಹೊಡೆದು ಹಳದಿ ಮಾಡಿದ ಪುಷ್ಯರಾಗವೂ ಇದೇ ಜಾತಿ. ಕೆಲವು ಬಿಸಿಲಿಗೆ ಇಟ್ಟರೆ ಕೆಲವೇ ದಿನಗಳಲ್ಲಿ ಬಿಳಿಚಿಕೊಳ್ಳುತ್ತವೆ.

ಬಿಕೆಸಿ ಬ್ರೋಕರ್
ಭಾರತ್ ಡೈಮಂಡ್ ಬೋರ್ಸ್‌ನಲ್ಲಿ ಕೂತು ಓದ್ತಾ ಇದ್ದೇನೆ, ಮಾರ್ಕೆಟ್ ಇವತ್ತು ಸುಸ್ತು. ವಜ್ರದ್ದೂ ಸೇರಿಸಿ. ಕಂದು ವಜ್ರವನ್ನು 2000 ಡಿಗ್ರಿ ಆಸುಪಾಸು, ಭಾರೀ ಒತ್ತಡದಲ್ಲಿ ಕಾಯಿಸಿದರೆ ಬಿಳಿ ಆಗುತ್ತದೆ. ಒತ್ತಡ ಇಲ್ಲದಿದ್ದರೆ ಗ್ರಾಫೈಟ್ ಆಗಿ ಹೋಗುತ್ತದೆ. 1999ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನವರು ಹೀಗೆ ಮಾಡಿದ ವಜ್ರ ಮಾರುಕಟ್ಟೆಗೆ ಬಂದಾಗ ದಂಧೆಯವರ ನಿದ್ದೆ ಹಾರಿತ್ತು. ಈಗ ಲ್ಯಾಬಿನಲ್ಲಿ ಅನಿಲದಿಂದ ಬೆಳೆಸಿದ ಸಿವಿಡಿ ವಜ್ರದ ಕಂದು ಛಾಯೆ ತೆಗೆಯಲೂ ಇದೇ ದಾರಿ. ಬಣ್ಣ ಕೊಡುವುದು ಬೆರಕೆ ಅಲ್ಲ, ಕಾರ್ಬನ್ ಪರಮಾಣು ಇಲ್ಲದ ಖಾಲಿ ಜಾಗಗಳ ಗುಂಪು. ಕಾಯಿಸಿದರೆ ಗುಂಪು ಒಡೆಯುತ್ತದೆ.

ವಾಕಡ್ ವಾದಿ
ಅಂದರೆ ಎಲ್ಲ ಕಡೆ ಒಂದೇ ಕಥೆ. ಗುಂಪು ಸೇರಿಸು, ಗುಂಪು ಒಡೆ. ನಮ್ಮ ಸೊಸೈಟಿ ಮೀಟಿಂಗ್ ಹಾಗೆ.

ಮುಲುಂಡ್ ಸೊಸೆ
ಎಲ್ಲರಿಗೂ ಥ್ಯಾಂಕ್ಸ್, ತಲೆ ಸ್ವಲ್ಪ ಗಿರ್ ಅಂತಿದೆ. ಒಂದು ಕೇಳ್ತೀನಿ. ಬರೀ ಕಾಯಿಸಿದ್ದು ಅಂತ ಹೇಗೆ ನಂಬುವುದು? ಒಳಗೆ ಏನಾದರೂ ತುಂಬಿದ್ದರೆ?

ಮಡಗಾಂವ್ ಶೇಟ್
ಇದು ಸರಿಯಾದ ಪ್ರಶ್ನೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್‌ನಲ್ಲಿ (ಭೂತಗನ್ನಡಿ) ನೋಡಿದರೆ ಕಾಯಿಸದ ಕಲ್ಲಿನಲ್ಲಿ ರೇಷ್ಮೆ ಎಳೆಯಂಥ ಉದ್ದ ಸೂಜಿ ಕಾಣುತ್ತದೆ. ಕಾಯಿಸಿದ್ದರಲ್ಲಿ ಆ ಎಳೆ ತುಂಡಾಗಿ ಚುಕ್ಕೆ ಚುಕ್ಕೆ ಆಗಿರುತ್ತದೆ. ಒಳಗೆ ಬೇರೆ ಖನಿಜದ ಕಣ ಇದ್ದರೆ ಅದು ಉಬ್ಬಿ ಸುತ್ತ ಬಿಲ್ಲೆಯಂಥ ಬಿರುಕು ಮಾಡಿರುತ್ತದೆ. ಕಾರ್ಡಿನಲ್ಲಿ ಬರೀ "ಹೀಟೆಡ್" ಇದ್ದರೆ ಪರವಾಗಿಲ್ಲ. "ಡಿಫ್ಯೂಷನ್" (ಬಿಸಿಯಲ್ಲಿ ಹೊರಗಿಂದ ಬಣ್ಣದ ವಸ್ತು ನುಗ್ಗಿಸಿದ್ದು), "ಬೆರಿಲಿಯಂ", "ಗ್ಲಾಸ್ ಫಿಲ್ಡ್" ಇವು ಬಂದರೆ ಹುಷಾರು.

ಮಾಣಿಕ್ಯದಲ್ಲಿ ಗಾಜು ತುಂಬುವುದು ಜಾಸ್ತಿ. ಬಿರುಕಿನೊಳಗೆ ಸೀಸದ ಗಾಜು ಹೋಗಿರುತ್ತದೆ. ಅಂಥ ಉಂಗುರ ಹಾಕಿಕೊಂಡು ನಿಂಬೆಹಣ್ಣು ಹಿಂಡಿದರೆ ಗಾಜು ತಿಂದುಹೋಗಿ ಬಿರುಕು ಬಿಳಿಯಾಗಿ ಎದ್ದು ಕಾಣುತ್ತದೆ. ಇನ್ನೊಂದು ಕಸುಬಿನ ಮಾತು. ಒಳ್ಳೆಯ ನೀಲವೇ ಇದ್ದರೂ ಬೆಸುಗೆ ಹಾಕುವಾಗ ಬಿಳಿಗಾರ ತಗುಲಬಾರದು. ಬಿಸಿಯಲ್ಲಿ ಬಿಳಿಗಾರ ಹರಳಿನ ಮೈಯನ್ನೇ ತಿನ್ನುತ್ತದೆ, ಮಣ್ಣು ಉಜ್ಜಿದ ಹಾಗೆ ಪಾಲಿಶ್ ಹೋಗುತ್ತದೆ. ನಾನೇ ಕಲಿಯುವಾಗ ಒಂದು ಕೆಂಪು ಹರಳನ್ನು ಹೀಗೆ ಹಾಳು ಮಾಡಿ ಅಪ್ಪನ ಕೈಯಲ್ಲಿ ತಿಂದಿದ್ದೇನೆ.

ಧಾರವಾಡದ ಹುಡುಗ, ಪುಣೆ
ಬೆರಿಲಿಯಂ ವಿಷಯ ಚೂರು ಬೇರೆ. 2000ದ ದಶಕದ ಆರಂಭದಲ್ಲಿ ಥಾಯ್ ಕುಲುಮೆಗಳಿಂದ ಒಮ್ಮೆಗೇ ಕಿತ್ತಳೆ, ಹಳದಿ ಕಲ್ಲುಗಳ ರಾಶಿ ಬಂತು. ಬೆರಿಲಿಯಂ ಸಣ್ಣ ಪರಮಾಣು, ಬಿಸಿಯಲ್ಲಿ ಕಲ್ಲಿನ ನಡುವಿನವರೆಗೂ ನುಗ್ಗುತ್ತದೆ. ಹತ್ತು ಲಕ್ಷ ಪರಮಾಣುವಿಗೆ ಕೆಲವೇ ಸಾಕು. ಅದು ಸೇರಿದ ಕಡೆ ಒಂದು ಎಲೆಕ್ಟ್ರಾನಿನ ಕೊರತೆ ಉಳಿಯುತ್ತದೆ, ಆ ಕೊರತೆ ನೀಲಿ ಬೆಳಕನ್ನು ಹೀರುತ್ತದೆ, ಕಣ್ಣಿಗೆ ಹಳದಿ. ಲೂಪ್‌ಗೆ ಸಿಗುವುದಿಲ್ಲ. ಲೇಸರಿನಿಂದ ಕೂದಲ ಮೊನೆಯಷ್ಟು ಸುಟ್ಟು ಆ ಹೊಗೆಯನ್ನು ತೂಗಿ ನೋಡಬೇಕು.

ವಾಕಡ್ ವಾದಿ
ಹುಡುಗ, ನೀನು ಪುಣೆಯಲ್ಲಿ ಇದನ್ನೆಲ್ಲಾ ಓದಿ ಕೊನೆಗೆ ಉಂಗುರ ಅಂಗಡಿ ಇಡ್ತೀಯಾ?

ಧಾರವಾಡದ ಹುಡುಗ, ಪುಣೆ
ಇಲ್ರೀ, ಲೇಸರ್. ಅದೇ ನೀಲದ ಕಲ್ಲಿನಲ್ಲಿ ಕಬ್ಬಿಣ ಬಿಟ್ಟು ಬರೀ ಟೈಟೇನಿಯಂ ಹಾಕಿ ಬೆಳೆಸಿದರೆ ಗುಲಾಬಿ ಹರಳು. ಟೈಟೇನಿಯಂ ಸಫೈರ್. 1982ರಲ್ಲಿ ಪೀಟರ್ ಮೌಲ್ಟನ್ ಇದರಿಂದ ಲೇಸರ್ ಮಾಡಿ ತೋರಿಸಿದರು. ಕೊಲಾಬಾದ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್‌ನಲ್ಲೂ ಇಂಥ ಲೇಸರ್ ಇದೆ. ಈ ಹರಳು 490 ನ್ಯಾನೋಮೀಟರ್ ಸುತ್ತಲಿನ ನೀಲಿ-ಹಸಿರು ಬೆಳಕು ಹೀರಿ, 800ರ ಸುತ್ತ ಕಣ್ಣಿಗೆ ಕಾಣದ ಕೆಂಪು ಬೆಳಕು ಕೊಡಬೇಕು. ತೊಂದರೆ ಏನೆಂದರೆ, ಸ್ವಲ್ಪ ಟೈಟೇನಿಯಂ ಒಂದು ಎಲೆಕ್ಟ್ರಾನ್ ಕಳೆದುಕೊಂಡು ನಿಂತಿರುತ್ತದೆ. ಅದು ಪಕ್ಕದ ಒಳ್ಳೆ ಟೈಟೇನಿಯಂ ಜೊತೆ ಜೋಡಿ ಆದರೆ, ಹರಳು ಕೊಡಬೇಕಾದ 800ರ ಬೆಳಕನ್ನೇ ತಾನು ನುಂಗುತ್ತದೆ. ಬಡಿಸುವವನೇ ಉಂಡ ಹಾಗೆ. 490ರಲ್ಲಿ ಎಷ್ಟು ಹೀರುತ್ತದೆ, 800ರಲ್ಲಿ ಎಷ್ಟು ಅಂತ ಭಾಗಿಸಿದರೆ ಒಂದು ಅಂಕಿ ಬರುತ್ತದೆ, 150 ದಾಟಿದರೆ ಒಳ್ಳೆ ಹರಳು.

ಅದಕ್ಕೇ ಹೈಡ್ರೋಜನ್ ಬೆರೆಸಿದ ಗಾಳಿಯಲ್ಲಿ ದಿನಗಟ್ಟಲೆ ಕಾಯಿಸುತ್ತೇವೆ. ಕೆಟ್ಟ ಟೈಟೇನಿಯಂಗೆ ಕಳೆದ ಎಲೆಕ್ಟ್ರಾನ್ ವಾಪಸ್ ಸಿಗುತ್ತದೆ. ಮೊದಲ ಸಲ ನಾನು ಅವಸರ ಮಾಡಿ ಅರ್ಧಕ್ಕೇ ತೆಗೆದೆ. ಹರಳನ್ನು ನಡುವೆ ಕೊಯ್ದು ಅಳೆದರೆ ಅಂಚಿನ ಎರಡು ಮಿಲಿಮೀಟರ್ ಚೆನ್ನಾಗಿತ್ತು, ಒಳಗೆ ಮೊದಲಿನಂತೆಯೇ. ದಪ್ಪ ಕಲ್ಲಿನ ನಡುವಿನವರೆಗೆ ಬದಲಾವಣೆ ಹೋಗಲು ಟೈಮ್ ಬೇಕು. ಗೈಡ್ ನೋಡಿ "ಬೇಯದ ಇಡ್ಲಿ" ಅಂದರು. ಅವರು ಮರಾಠಿಯವರು, ಇಡ್ಲಿ ಮಾತ್ರ ಸರಿಯಾಗಿ ಗೊತ್ತು.

ಮಾಟುಂಗಾ ಮಾಣಿ
ಇಡ್ಲಿ ವಿಷಯ ಬಂತು, ಈಗ ನಾನು ಮಾತಾಡಬಹುದು. ಚೂರಿ ಚುಚ್ಚಿ ನೋಡಬೇಕಿತ್ತು.

ಚೆಂಬೂರ್ ಕಾಕಾ
ಹುಡುಗಾ, ಹೈಡ್ರೋಜನ್ ಜೊತೆ ಹುಷಾರು. ಕುಲುಮೆ ಬಿಸಿ ಇರುವಾಗ ಹೊರಗಿನ ಗಾಳಿ ನುಗ್ಗಬಾರದು. ಮೊದಲು ಆರ್ಗಾನ್ ಬಿಟ್ಟು ತೊಳೆ, ಆಮೇಲೆ ಹೈಡ್ರೋಜನ್.

ಧಾರವಾಡದ ಹುಡುಗ, ಪುಣೆ
ಹೌದು ಕಾಕಾ, ಹಾಗೇ ಮಾಡ್ತೀವಿ.

ಮುಲುಂಡ್ ಸೊಸೆ
ಅಪ್‌ಡೇಟ್. ನಿನ್ನೆ ಹರಳನ್ನು ಬೇರೆ ಲ್ಯಾಬಿಗೆ ಕೊಟ್ಟು ನೋಡಿಸಿದೆ. ನೈಸರ್ಗಿಕ ನೀಲ, ಕಾಯಿಸಿದ ಕುರುಹು ಇದೆ, ಬೇರೇನೂ ತುಂಬಿಲ್ಲ. ಅಲ್ಲಿದ್ದ ಹುಡುಗಿ ಸೂಕ್ಷ್ಮದರ್ಶಕದಲ್ಲಿ ನನಗೂ ತೋರಿಸಿದಳು. ಶೇಟ್ ಅಣ್ಣ ಹೇಳಿದ ಹಾಗೇ, ಒಂದು ಮೂಲೆಯಲ್ಲಿ ಚುಕ್ಕೆ ಚುಕ್ಕೆ ಸಾಲು, ರಂಗೋಲಿ ಚುಕ್ಕಿ ಇಟ್ಟು ಗೆರೆ ಎಳೆಯುವುದು ಮರೆತ ಹಾಗೆ. ಹತ್ತು ನಿಮಿಷ ಅದನ್ನೇ ನೋಡಿದೆ.

ಅಲ್ಲಿಂದ ನೇರ ಅಂಗಡಿಗೆ ಹೋದೆ. ಬಿಲ್ ತೆಗೆಸಿದೆ. ಬಿಲ್‌ನಲ್ಲಿ "ಹೀಟೆಡ್" ಅಂತ ಬರೆದೇ ಇರಲಿಲ್ಲ, ದರ ಮಾತ್ರ ಕಾಯಿಸದ ಕಲ್ಲಿನದು. ಒಂದು ಗಂಟೆ ಕೂತೆ. ಕೊನೆಗೆ ಬಿಲ್ ತಿದ್ದಿ ಒಂದಷ್ಟು ದುಡ್ಡು ವಾಪಸ್ ಕೊಟ್ಟರು, ಕೇಳಿದಷ್ಟು ಅಲ್ಲ.

ವಾಕಡ್ ವಾದಿ
ಸೂಪರ್ ಅಕ್ಕ. ಅತ್ತೆಗೆ ಹೇಳಿದಿರಾ?

ಮುಲುಂಡ್ ಸೊಸೆ
ಹೇಳಿದೆ. "ಕಾಯಿಸಿದ್ದಾದರೆ ಕ್ರಿಮಿ ಗಿಮಿ ಇರಲ್ಲ ಬಿಡು" ಅಂದರು. ಭಟ್ರೇ, ಶನಿವಾರ ಹಾಕಿಸ್ತಾ ಇದ್ದೇವೆ, ಬೈಯಬೇಡಿ.

ಡೊಂಬಿವಲಿ ಭಟ್ರು
ಬೈಯಲ್ಲ ತಾಯಿ. ಹಾಕುವ ಮೊದಲು ಹಾಲಿನಲ್ಲಿ ತೊಳೆಯಿರಿ. ಕಾಯಿಸದ ಹಾಲು.

ಪಣಜಿ ಪದ್ಮ
ನಾನೂ ಹೋಗಿ ಬಂದೆ. ಅರ್ಧ ಕ್ಷಮೆಗೆ ಅರ್ಧ ದುಡ್ಡು ವಾಪಸ್ ಕೊಟ್ಟರು. ಶೇಟ್ ಅಣ್ಣಾ, ಉಳಿದ ಅರ್ಧ ನೇರಳೆಯನ್ನೂ ಹಳದಿ ಮಾಡಿಕೊಡ್ತೀರಾ? ಎರಡು ಬಣ್ಣದ್ದು ಯಾವ ಸೀರೆಗೂ ಹೊಂದುತ್ತಿಲ್ಲ.

ಮಡಗಾಂವ್ ಶೇಟ್
ತನ್ನಿ. ಕಲ್ಲು ಬಿಚ್ಚಿ ಮರಳಿನಲ್ಲಿ ಹೂತು ಎರಕದ ಕುಲುಮೆಯಲ್ಲಿ ನಿಧಾನಕ್ಕೆ ಏರಿಸಿ ನಿಧಾನಕ್ಕೆ ಇಳಿಸುತ್ತೇನೆ. ಬಿರುಕು ಇದೆಯಲ್ಲ, ಒಡೆದರೆ ನನ್ನನ್ನು ಕೇಳಬಾರದು. ಭಾನುವಾರ ಅಂಗಡಿ ರಜಾ.